ಅರ್ಧಾ ಫೀ

ಪರೀಕ್ಷಾ ಇನ್ನೂ ಹಸೀ ಐತಿ,
ಅದಕ್ಕ ಫೀ ಅರ್ಧಾ.
ನಾಲ್ಕು ತಾಸು, ನೂರಾ ಹತ್ತು ಪ್ರಶ್ನಿ,
ಫಲಿತಾಂಶ ಹನ್ನೊಂದು ವಾರ ಬಿಟ್ಟು.
ಅದೂ ಬಂದ್ರ.

"ಒಡದ ಹಾಲು ಅಂತ ಗೊತ್ತಿದ್ದೂ
ಅರ್ಧಾ ರೇಟಿಗೆ ತಂದಂಗಾತು" ಅಂದ್ರು ಮನಿಯವರು,
ಕನ್ನಡಿ ಮುಂದ ಮೀಸಿ ಕತ್ತರಿಸ್ಕೋತ.
ನಾ ಮಾತಾಡಲಿಲ್ಲ.
ಒಡದ ಹಾಲಿಗೂ ಸಕ್ರಿ ಹಾಕಿ ತಿಂದ ತವರು ನಂದು.

ಹತ್ತೊಂಬತ್ತು ವರ್ಷ ಪಾಲಿಟೆಕ್ನಿಕ್ ಲ್ಯಾಬಿನಾಗ
ತಂತಿ ಬಣ್ಣಾ ಕಲಿಸೇನಿ:
ಬಿಳಿ-ಕಿತ್ತಳಿ, ಕಿತ್ತಳಿ, ಬಿಳಿ-ಹಸರು, ನೀಲಿ…
ಎಂಟು ಎಳಿ, ಒಂದು ಇಕ್ಕಳ, ಟಕ್ ಅಂತ ಸಪ್ಪಳ.
ಕಲತವರ ಗ್ವಾಡಿಗೆ ಸರ್ಟಿಫಿಕೇಟು.
ನನ್ನ ಗ್ವಾಡಿಗೆ
ಗ್ಯಾಸ್ ಏಜೆನ್ಸಿಯವರ ಕ್ಯಾಲೆಂಡರು.

ಹುಬ್ಬಳ್ಳಿ, ಕೊಪ್ಪೀಕರ ರೋಡಿನ ಹಿಂದ,
ಬಳಿ ಅಂಗಡಿ ಮ್ಯಾಲ ಎರಡನೇ ಮಜಲಾ.
ಬಾಗಲದಾಗ ನಿಂತಾಂವ ಇಮಾಮಹುಸೇನ ನದಾಫ.
ಕಡೀ ಬೆಂಚಿನಾಂವ. ನಕಲು ಮಾಡ್ತಾನಂತ
ನಾನs ಹಿಡದು ಹೊರಗ ಹಾಕಿದ್ದೆ ಒಮ್ಮೆ.

"ಮೇಡಂ, ಕಿವಿ ಹಿಂದ ನೋಡಬೇಕ್ರಿ. ರೂಲ್ ಐತ್ರಿ."
ನೋಡಿದಾ. ಚಸ್ಮಾ ಬೆಳಕಿಗೆ ಹಿಡದಾ.
ಕರವಸ್ತ್ರದ ಗಂಟಿನ್ಯಾಗಿನ ಚಿಲ್ಲರೆ
ಟ್ರೇದಾಗ ಎಣಿಸಿ ಇಟ್ಟಾ.
"ಬಳಿನೂ…" ದನಿ ಸಣ್ಣಾತು ಹುಡುಗಂದು.

ನಳದ ಕೆಳಗ ಸಾಬಾಣ ಹಚ್ಚಿ ಎಳದೆ.
ಎರಡು ಬಂದ್ವು. ಒಂದು ಹೆಚ್ಚಾತು
(ಒಡೀತು ಅನಬಾರದು ಅಂತಿದ್ಲು ಅವ್ವ).
ನಾಲ್ಕು ಕೈಯಾಗs ಕುಂತ್ವು ಹಟಾ ಹಿಡದು.
ಯಾರಿಗೋ ಫೋನ್ ಮಾಡಿದಾ, ಭಾಳೊತ್ತು ಮಾತಾಡಿದಾ.
ಆಮ್ಯಾಲೆ ಅಂದಾ: "ಸಪ್ಪಳ ಮಾಡಬ್ಯಾಡ್ರಿ, ಸಾಕು."

ಮೂವತ್ತೇಳನೇ ಪ್ರಶ್ನಿ. ನಾಲ್ಕು ಉತ್ತರಾ.
ನಾಲ್ಕೂ ತಪ್ಪು.

ಮತ್ತ ಓದಿದೆ. ಬಳ್ಳು ಮಡಚಿ ಲೆಕ್ಕಾ ಮಾಡಿದೆ.
ಹದಿನಾರು ವಿಳಾಸದಾಗ
ಹದಿನಾರೂ ಮಷೀನು ಕುಂಡರಿಸ್ಯಾರ, ಹುಚ್ಚರು.
ಮೊದಲಿಂದು ಓಣಿ ಹೆಸರಿಗೆ ಬೇಕು,
ಕಡೀದು ಎಲ್ಲಾರನ್ನೂ ಒಮ್ಮೆಲೆ ಕೂಗಿ ಕರಿಯಾಕ.
ಉಳದದ್ದು ಹದಿನಾಲ್ಕs.
ನನ್ನ ಮೊದಲ ವರ್ಷದ ಹುಡುಗ್ರಿಗೂ ಗೊತ್ತು.

ಕೆಳಗ ಒಂದು ಖಾಲಿ ಚೌಕ:
ಈ ಪ್ರಶ್ನೆ ಬಗ್ಗೆ ನಿಮ್ಮ ಅಭಿಪ್ರಾಯ.
ಎಷ್ಟು ಪರೀಕ್ಷಾ ಬರದಿದ್ದೆ,
ಯಾವದೂ ನನ್ನ ಅಭಿಪ್ರಾಯ ಕೇಳಿರಲಿಲ್ಲ.
ನನ್ನ ಇಂಗ್ಲೀಷು ಕುಂಟತೈತಿ.
ಕುಂಟಕೋತs ಹನ್ನೆರಡು ನಿಮಿಷ ಬರದೆ.

ರುಚಿ ಹತ್ತಿತು.
ಐವತ್ತೆರಡರಾಗ ಒಂದು "ಇಲ್ಲ" ಬಿಟ್ಟಾರ, ಬರದೆ.
ಅರವತ್ತೊಂದರ ಚಿತ್ರದಾಗ ಬಾಣ ಉಲ್ಟಾ, ಬರದೆ.
ನಡುವ ಕರೆಂಟ್ ಹೋತು, ಯುಪಿಎಸ್ ಕುಂಯ್ ಅಂತು:
ಬ್ಯಾಟರಿ ಇನ್ನೊಂದು ತಿಂಗಳಷ್ಟ, ಅದನ್ನೂ ಬರೀತಿದ್ದೆ,
ಅದಕ್ಕ ಚೌಕ ಇರಲಿಲ್ಲ.

ಗಡಿಯಾರ ಕೆಂಪಾದಾಗ ಒಂಬತ್ತು ಪ್ರಶ್ನಿ ಬಾಕಿ.
ಓದಲಿಲ್ಲ.
ಮಕ್ಕಳು ಕುಂಟಬಿಲ್ಲೆ ಒಗದಂಗ ಒತ್ತಿದೆ,
ಬಿದ್ದಲ್ಲೆ ಬೀಳಲಿ.

ಹೊರಗ ಒಂದು ಕಾಗದಾ ಕೊಟ್ಟಾ.
ಅಂಕಿ ಇಲ್ಲ, ಪಾಸ್ ಇಲ್ಲ, ಫೇಲ್ ಇಲ್ಲ.
ಬಂದಿದ್ರಿ ಅನ್ನೂದಷ್ಟ.
ಟ್ರೇದಾಗ ಚಿಲ್ಲರೆ, ಎರಡು ಬಳಿ,
ಹೆಚ್ಚಾದ ಬಳಿ ಚೂರು ಹಾಳಿಯಾಗ ಮಡಚಿ ಇಟ್ಟಿದ್ದಾ.

"ಹೆಂಗಾತ್ರೀ ಮೇಡಂ?"
"ಮೂವತ್ತೇಳನೇದು ತಪ್ಪೈತಿ. ನಾ ಹೇಳೇನಿ ಅವರಿಗೆ."
ನಕ್ಕಾ. ಕೀಲಿ ತಿರುವಿಕೋತ, ನನ್ನ ಕಡೆ ನೋಡದ:
"ಅವತ್ತು ನನ್ನ ಕಿಸೆದಾಗ ಸಿಕ್ಕಿತ್ತಲ್ರಿ ಚೀಟಿ,
ಅದು ಬ್ಯಾರೆ ವಿಷಯದ್ರಿ. ಹಿಂದಿನ ದಿನದ್ದು."

ಪಾವಟಿಗಿ ಇಳೀವಾಗ
ನಾಲ್ಕೂ ಬಳಿ ಸಪ್ಪಳ ಮಾಡಿದ್ವು.
ಅವತ್ತು ನಾ ಚೀಟಿ ಬಿಚ್ಚಿ ಓದಿದ್ದೆನೋ, ಇಲ್ಲೋ.
ಚಿಗರಿ ಬಸ್ಸಿನ್ಯಾಗ, ಉಣಕಲ್ ದಾಟೂತನಕಾ
ನೆನಸಿದೆ.