ತೆಳು ತಂತಿ

ಸಾಲಗಾಮೆ ರಸ್ತೆಯ ನನ್ನ ವೈಂಡಿಂಗ್ ಅಂಗಡಿಯ ಗೋಡೆಗೆ
ಎರಡು ಹಾಳೆ ಅಂಟಿಸಿದ್ದೇನೆ.
ಒಂದರಲ್ಲಿ ಮೂರು ಎಚ್‌ಪಿ, ಐದು ಎಚ್‌ಪಿ, ಸಬ್‌ಮರ್ಸಿಬಲ್
ಸುತ್ತುವ ರೇಟು; ಕೆಳಗೆ ಕೆಂಪಕ್ಷರದಲ್ಲಿ, ಸಾಲ ಕೇಳಬೇಡಿ.
ಇನ್ನೊಂದು, ನನಗೆ ನಾನೇ ಬರೆದುಕೊಂಡದ್ದು:

ದಿನಕ್ಕೆ ಸಾವಿರದ ಇನ್ನೂರೈವತ್ತು ಡಾಲರು ಹೋದರೆ
ಆ ದಿನಕ್ಕೆ ಬಂದ್.
ಒಟ್ಟು ಎರಡೂವರೆ ಸಾವಿರ ಹೋದರೆ ಎಂದೆಂದಿಗೂ ಬಂದ್.
ಅಮೆರಿಕದ ಸುದ್ದಿ ಬರುವ ಹೊತ್ತು ಕೈ ಜೇಬಲ್ಲಿರಲಿ.
ಶುಕ್ರವಾರ ರಾತ್ರಿ ಏನನ್ನೂ ತೆರೆದಿಟ್ಟು ಮಲಗಬೇಡ.
ನೆನಪಿರಲಿ, ನೀನು ಮೆಟ್ಟಿಲು ಹತ್ತಿದರೆ
ನೆಲವೂ ನಿನ್ನ ಹಿಂದೆ ಹತ್ತುತ್ತದೆ;
ನೀನು ಇಳಿದರೆ ಅದು ಇಳಿಯುವುದಿಲ್ಲ.

ಖಾತೆಯಲ್ಲಿ ಐವತ್ತು ಸಾವಿರ ಡಾಲರು. ನನ್ನದಲ್ಲ.
ನನ್ನದು ಹದಿನಾಲ್ಕು ಸಾವಿರ ರೂಪಾಯಿ ಫೀಸು ಮಾತ್ರ,
ಸುಟ್ಟ ಮೋಟಾರುಗಳ ಹೊಟ್ಟೆಯಿಂದ ಕಿತ್ತ ತಾಮ್ರವನ್ನು
ಗುಜರಿಗೆ ಹಾಕಿ ಬಂದದ್ದು.
ಎರಡು ಸಲ ಕಟ್ಟಿ ಎರಡು ಸಲವೂ ಕಳೆದೆ. ಇದು ಮೂರನೆಯದು.
ಕಳೆಯುವವರ ಫೀಸಿನಲ್ಲೇ ಆ ಕಂಪನಿಯ ಒಲೆ ಉರಿಯುತ್ತದೆಂದು
ತಿಳಿಯದವನೇನಲ್ಲ.

ಜಲಜಾಕ್ಷಿ ಕೇಳಿದ್ದು ಒಂದೇ ಮಾತು,
ಚೀಟಿ ಪುಸ್ತಕದಿಂದ ತಲೆಯೆತ್ತದೆ:
"ದುಡ್ಡು ಅವರದು ಸರಿ, ಭಯ ಯಾರದು?"

ಕೆಲಸ ಕಲಿಸಿದ ಕಾಳಾಚಾರ್ ಮೇಸ್ತ್ರಿ
ಫ್ಯೂಸು ಕಟ್ಟುವಾಗ ಮೊದಲ ದಿನವೇ ಅಂದಿದ್ದರು:
"ದಪ್ಪ ತಂತಿ ಕಟ್ಟೋನು ಮನೆ ಸುಡೋನು.
ತೆಳು ತಂತಿಗೆ ಇರೋದು ಒಂದೇ ಕೆಲ್ಸ ಕಣ್ಲಾ,
ಎಲ್ಲಾರಿಗಿಂತ ಮೊದ್ಲು ಸಾಯೋದು."

ಹಾಗಾಗಿ ಆರು ವಾರ ತೆಳುವಾಗಿದ್ದೆ.
ನಾನೂರು ಹೋದರೆ ಲ್ಯಾಪ್‌ಟಾಪು ಮುಚ್ಚಿ
ಮಹಾರಾಜ ಪಾರ್ಕಿನಲ್ಲಿ ಮೂರು ಸುತ್ತು ಹಾಕಿ
ಕಡಲೆಕಾಯಿ ತಿಂದು ಮನೆಗೆ.
ಆರು ವಾರಕ್ಕೆ ಉಳಿದದ್ದು ಎಂಟುನೂರು ಡಾಲರು.

ಆಮೇಲೆ ಆ ಶುಕ್ರವಾರ.
ಸುದ್ದಿ ಬಂದು, ಬಿಡಬೇಕಾದ ನಿಮಿಷಗಳನ್ನು ಬಿಟ್ಟು,
ಚಿನ್ನವನ್ನು ಮಾರಿ ಕೂತೆ.
ಹಗ್ಗ ಹರಿದ ಬಿಂದಿಗೆಯ ಹಾಗೆ ಬಿತ್ತು ಚಿನ್ನ.
ಏಳು ನಿಮಿಷ. ಎರಡು ಸಾವಿರದ ನೂರು.
ಹೊರಗೆ ದುದ್ದದ ಪುಟ್ಟೀರೇಗೌಡರು
ಟಿವಿಎಸ್ ಮೇಲೆ ಪಂಪಿನ ಮೋಟಾರು ಕಟ್ಟಿಕೊಂಡು ನಿಂತಿದ್ದರು.
ಟೀ ತರಿಸಿದೆ. ಕೇಳದೆಯೇ ಇನ್ನೂರು ಇಳಿಸಿದೆ.
ಅವರು ನನ್ನ ಮುಖವನ್ನು ಅನುಮಾನದಿಂದ ನೋಡಿದರು.

ಹಣ ಕೊಡಿ ಎಂದು ಬರೆದೆ. ಸೋಮವಾರ ಉತ್ತರ ಬಂತು:
ಒಂದು ದಿನದ ಲಾಭ ಒಟ್ಟು ಲಾಭದ ಅರ್ಧ ಮೀರಬಾರದು.
ಹನ್ನೊಂದನೆಯ ನಿಯಮ, ಇರುವೆ ಸಾಲಿನಂಥ ಅಕ್ಷರ.
ನನ್ನ ಗೋಡೆಗೆ ಅದು ಬಂದೇ ಇರಲಿಲ್ಲ.
ಇನ್ನೂ ಸಾವಿರದ ಮುನ್ನೂರು, ಚೂರುಚೂರಾಗಿ ದುಡಿದು
ನನ್ನ ಅತಿ ದೊಡ್ಡ ದಿನವನ್ನು
ನಾನೇ ಸಣ್ಣದು ಮಾಡಬೇಕಂತೆ.

ಸೋಲಿಗೆ ಬೇಲಿ, ಒಪ್ಪಿದೆ.
ಗೆಲುವಿಗೂ ಬೇಲಿ ಹಾಕುವುದು ಯಾವ ಊರಿನ ನ್ಯಾಯ?
ಬೈದೆ. ಇಂಗ್ಲಿಷಿನಲ್ಲಿ ಬೈಯಲು ಬಾರದೆ
ಹಾಸನದ ಕನ್ನಡದಲ್ಲೇ, ಪರದೆಗೆ.

ಮಧ್ಯಾಹ್ನ ಗೌಡರ ಮೋಟಾರು ಬಿಚ್ಚಿದೆ.
ವಾರ್ನಿಷ್ ಸುಟ್ಟ ವಾಸನೆ, ಮೂರೂ ಕಾಯಿಲು ಕಪ್ಪು.
ಕೆಸರು ಕಚ್ಚಿಲ್ಲ, ಬೇರಿಂಗು ಜಾಮಾಗಿಲ್ಲ.
ನಡುರಾತ್ರಿ ಊರ ಪಂಪುಗಳೆಲ್ಲ ನಿಂತ ಹೊತ್ತು
ಲೈನಿನಲ್ಲಿ ಒಂದೇ ಸಮ ಏರಿದ ವೋಲ್ಟೇಜು
ಇದೊಂದರೊಳಗೆ ನುಗ್ಗಿತ್ತು.
"ಕಮ್ಮಿ ಬಂದ್ರೆ ಸುಡ್ತದೆ, ಗೊತ್ತು," ಅಂದರು ಗೌಡರು,
"ಜಾಸ್ತಿ ಬಂದ್ರೂವಾ?"

ನಾನು ಉತ್ತರ ಹೇಳಲಿಲ್ಲ.
ಕಂಪನಿ ಕಾಯುವುದು ಅದರ ಕಿಸೆಯನ್ನು, ನನ್ನ ಮೋಟಾರನ್ನಲ್ಲ;
ಅವರನ್ನು ಮಾಫಿ ಮಾಡುವ ಪದ್ಯ ಇದಲ್ಲ.
ಆದರೂ ಪೆನ್ನು ಹುಡುಕಿ, ಗೋಡೆಯ ಹಾಳೆಯಲ್ಲಿ
ಉಳಿದಿದ್ದ ಅಂಚಿನ ಜಾಗದಲ್ಲಿ
ಹನ್ನೊಂದನೆಯದನ್ನೂ ಓರೆಯಾಗಿ ಬರೆದೆ.

ಸಂಜೆ ಏಳು. ನ್ಯೂಯಾರ್ಕಿನ ಬಾಗಿಲು ತೆರೆದಿದೆ.
ಅರವತ್ತು ಡಾಲರಿಗೆ ಸಾಕೆಂದು ಮುಚ್ಚಿ
ಹೊಸ ತಂತಿಯ ಉರುಳೆ ಎಳೆದುಕೊಳ್ಳುತ್ತೇನೆ.
ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು...
ಜಲಜಾಕ್ಷಿ ಊಟಕ್ಕೆ ಕರೆದಳು. ಹೂಂ ಅಂದೆ.
ಎಣಿಕೆ ತಪ್ಪಿತು.
ಬಿಚ್ಚಿ, ಮತ್ತೆ ಒಂದರಿಂದ.