ಕುದುರೆ ಲೆಕ್ಕ

ಮಂಡಿಮೊಹಲ್ಲಾದ ನನ್ನ ಶೆಡ್ಡಿನಲ್ಲಿ ಈ ಸೋಮವಾರ
ಎರಡು ಗಾಡಿ, ಎರಡೂ ಡಾಕ್ಟರ್ ಕಾಂತಮಣಿ ಅರಸ್ ಅವರವು.
ಒಂದು ಅರವತ್ತೈದರ ಫಿಯೆಟ್, ಹಿದುಕಿದ ಅವರೆಯ ಬಣ್ಣ.
ಇನ್ನೊಂದು ಹೋದ ದೀಪಾವಳಿಗೆ ಬಂದದ್ದು, ಕೆಂಪು,
ನೆಲಕ್ಕೆ ಹೊಟ್ಟೆ ತಾಗಿಸಿ ಹೊಂಚುವ ಬೆಕ್ಕಿನ ಹಾಗೆ.

"ಮನೇಲಿ ಒಂದಕ್ಕೇ ಜಾಗ ಇರೋದು, ನಯಾಜ್.
ಯಾವುದನ್ನ ಇಟ್ಕೊಳ್ಳಲಿ, ನೀನೇ ಹೇಳು" ಅಂದು
ಆಟೋ ಹತ್ತಿ ಕ್ಲಿನಿಕ್ಕಿಗೆ ಹೋದರು.

ಫಿಯೆಟ್ಟಿನ ಬಾನೆಟ್ ಎತ್ತಿದರೆ ಕೆಳಗೆ ನೆಲ ಕಾಣುತ್ತೆ.
ಕೈ ಹೋಗುತ್ತೆ, ಸ್ಪ್ಯಾನರ್ ಹೋಗುತ್ತೆ,
ಒಂದು ಸಲ ಇಲಿ ಹೋಗಿ ಸಂಸಾರ ಹೂಡಿತ್ತು.
ಚೋಕ್ ಎಳೆದರೆ ಮೊದಲು ಕೆಮ್ಮು, ಆಮೇಲೆ ಮಾತು.
ಟ್ಯಾಪೆಟ್ ಸಡಿಲವಾಗಿದ್ದರೆ
ಇರ್ವಿನ್ ರಸ್ತೆಯ ತಿರುವಿನಲ್ಲೇ ನನಗೆ ಕೇಳುತ್ತೆ,
ಚಹಾ ಕೆಳಗಿಟ್ಟು ಏಳುತ್ತೇನೆ.

ಕೆಂಪಿನ ಬಾನೆಟ್ ಎತ್ತಿದರೆ ಒಳಗೆ ಇನ್ನೊಂದು ಮುಚ್ಚಳ.
ಏನಾಗಿದೆ ಅಂತ ಅದು ಲ್ಯಾಪ್‌ಟಾಪಿಗೆ ಹೇಳುತ್ತೆ,
ನನಗಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಗಿರಾಕಿಗಳಿಗೂ ಇಷ್ಟು ಕೇಳಿದರೆ ಖುಷಿ.
ಆದರೆ ನನ್ನ ಹುಬ್ಬಿನ ಮೇಲಿನ ಈ ಗೆರೆ ಇದೇ ಫಿಯೆಟ್ಟಿನದು.
ತೊಂಬತ್ತೊಂದು, ಕಳಸ್ತವಾಡಿ ಹತ್ತಿರ, ಮುಂದೆ ಕಬ್ಬಿನ ಗಾಡಿ.
ಬ್ರೇಕ್ ಒತ್ತಿದೆ.
ಅದು ಯೋಚನೆ ಮಾಡಿತು.
ಬೆಲ್ಟಿರಲಿಲ್ಲ, ಡ್ಯಾಶ್‌ಬೋರ್ಡಿನ ತಗಡೇ ನನ್ನನ್ನು ಹಿಡಿದುಕೊಂಡಿತು.

ನಿನ್ನೆ ಕೆಂಪಿನದನ್ನು ಟ್ರಯಲ್ಲಿಗೆ ಒಯ್ದೆ, ರಿಂಗ್ ರೋಡಿಗೆ.
ಬೋಗಾದಿ ದಾಟುತ್ತಲೇ ಕಾಲು ತಾನಾಗಿ ಭಾರವಾಯಿತು,
ಬೆನ್ನು ಸೀಟಿಗೆ ಅಂಟಿತು,
ಐವತ್ತೆಂಟು ವರ್ಷ ಜಾರಿ ಹಿಂದಿನ ಸೀಟಿಗೆ ಬಿತ್ತು.
ನಕ್ಕುಬಿಟ್ಟೆ, ಒಬ್ಬನೇ, ಗಟ್ಟಿಯಾಗಿ.
ಎಮ್ಮೆಯೊಂದು ಅಡ್ಡ ಬಂತು,
ನಾನು "ಯಾ ಅಲ್ಲಾ" ಅನ್ನುವ ಮೊದಲೇ ಗಾಡಿ ನಿಂತಿತ್ತು.
ಎಮ್ಮೆ ನನ್ನನ್ನು ನೋಡಿತು, ತನಗೆ ಬೇಕಾದಷ್ಟು ಹೊತ್ತು.

ನಮ್ಮ ದಾದಾ ಟಾಂಗಾ ಹೊಡೆಯುತ್ತಿದ್ದರು,
ಸ್ಟೇಷನ್ನಿನಿಂದ ದೊಡ್ಡ ಗಡಿಯಾರದವರೆಗೆ.
ಒಂದೇ ಕುದುರೆ. ಹೆಸರು ಸಿತಾರಾ.
ರಾತ್ರಿ ನೆನೆಸಿದ ಹುರುಳಿ, ಬೇಸಿಗೆಯಲ್ಲಿ ಎರಡು ಸಲ ಮೈತೊಳೆತ.
ಫಿಯೆಟ್ಟಿಗೆ ನಲವತ್ತು ಕುದುರೆ ಅಂತಾರೆ, ಇದಕ್ಕೆ ಮುನ್ನೂರು.
ಒಂದಕ್ಕೂ ಹೆಸರಿಲ್ಲ.
ಫಿಯೆಟ್ ಹೊಸದಾಗಿ ಬಂದ ದಿನ ದಾದಾ ಅದರ ಮಡ್‌ಗಾರ್ಡ್ ತಟ್ಟಿ
"ಇದಕ್ಕೆ ಉಸಿರಿಲ್ಲ" ಅಂದಿದ್ದರಂತೆ.
ಅದೇ ಮಾತು ಬೆಳಿಗ್ಗೆ ನನ್ನ ಬಾಯಿಗೆ ಬಂತು,
ಕೆಂಪಿನ ಮೇಲೆ ಕೈಯಿಟ್ಟಾಗ.
ನುಂಗಿಕೊಂಡೆ.

ಸಂಜೆ ಡಾಕ್ಟರು ಬಂದರು. "ಏನಪ್ಪಾ?"
"ಫಿಯೆಟ್ಟಿಗೆ ಬೆಲ್ಟ್ ಕೂರಿಸ್ತೀನಿ, ಮೇಡಂ. ಎರಡು ದಿನ ಆಗುತ್ತೆ."
"ನಾನು ಕೇಳಿದ್ದು ಅದಲ್ಲ."
"ಗೊತ್ತು" ಅಂದೆ,
ಡ್ರಿಲ್ಲಿಗೆ ಬಿಟ್ ಹುಡುಕುತ್ತಾ.