ಗೀಟು

ಪೋರ್ಚುಗಲ್ಲಿನ ಬಡಗಣ ಕಡಲಂಚಿನಲ್ಲಿ
ಬೆಸ್ತರ ಮನೆತನಕ್ಕೊಂದು ಗುರುತು.
ದೋಣಿಗೆ, ಬಲೆಯ ಬೆಂಡಿಗೆ,
ಸತ್ತ ಮೇಲೆ ಕಲ್ಲಿಗೂ ಅದೇ.
ಅಪ್ಪನ ಗುರುತು ಇದ್ದ ಹಾಗೇ ಕೊನೆಯ ಮಗನಿಗೆ.
ಹಿರಿಯನಾದರೆ ಒಂದು ಗೀಟು ಹೆಚ್ಚು,
ಅವನ ಬೆನ್ನಿಗೆ ಹುಟ್ಟಿದವನಿಗೆ ಎರಡು.

ಅದೆರಿತು ಮೂರು ಗೀಟಿನವನು.
ಒಪ್ಪಿಗೆಪತ್ರದ ಅಡಿಯಲ್ಲಿ ಅದನ್ನೇ ಗೀರಿದ,
ಪೆನ್ನನ್ನು ಚಾಕುವಿನಂತೆ ಹಿಡಿದು.
"ರುಜು ಬೇಕಿತ್ತು" ಎಂದಳು ನರ್ಸ್ ದಿಯೊಲಿಂದ.
"ಇದಕ್ಕಿಂತ ರುಜುವಾತು ಯಾವುದಿದೆಯಮ್ಮ?"

ನಾನು ಪೋರ್ಟೊದಲ್ಲಿ, ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ,
ನಾಲ್ಕು ಡಿಗ್ರಿಯ ಕೋಣೆಯೊಳಗೆ ಸ್ವೆಟರು ತೊಟ್ಟು
ಅವನ ನೆತ್ತರಿಂದ ಒಂದೇ ಒಂದು ಪ್ರೋಟೀನನ್ನು
ಬೇರ್ಪಡಿಸುವವಳು.
ಗಾಜಿನ ಕೊಳವೆಯಿಂದ ಹನಿ. ಹನಿ.
ರಾತ್ರಿ ಹನ್ನೊಂದಕ್ಕೆ ನಲವತ್ತನೆಯ ಸೀಸೆ.
ಕಾಯುವುದೇ ಕಸುಬು; ಯಾರಾದರೂ ಕೇಳಿದರೆ
ವಿಜ್ಞಾನ ಅನ್ನುತ್ತೇನೆ.

ಈಲಿಯಲ್ಲಿ ಹುಟ್ಟುವ ಈ ಪ್ರೋಟೀನು ಹಮಾಲಿ:
ಹಾರ್ಮೋನು ಹೊತ್ತು, ವಿಟಮಿನ್ನು ಹೊತ್ತು
ಮೈತುಂಬ ತಿರುಗುತ್ತದೆ, ಕೂಲಿ ಕೇಳುವುದಿಲ್ಲ.
ನಾಲ್ಕು ಸರಗಳು ತಮ್ಮನ್ನು ತಾವೇ ಮಡಿಚಿಕೊಂಡು
ಬೆನ್ನಿಗೆ ಬೆನ್ನು ಕೊಟ್ಟು ಕೂತರೆ ಒಂದು ಹಮಾಲಿ.
ಸರಕ್ಕೆ ನೂರಿಪ್ಪತ್ತೇಳು ಮಣಿ.
ಅದೆರಿತುವಿನ ಮನೆತನದ ಕೆಲವರಲ್ಲಿ
ಮೂವತ್ತನೆಯ ಮಣಿ ಬೇರೆ.
ಅಷ್ಟೆ.

ನಾಲ್ವರ ಹಿಡಿತ ಸಡಿಲುತ್ತದೆ.
ಕಳಚಿಕೊಂಡದ್ದು ಮಡಿಕೆ ಬಿಚ್ಚಿ
ತನ್ನಂಥದ್ದನ್ನು ಹುಡುಕಿ, ಹೆಣೆದು, ನಾರಾಗಿ
ನರದ ಸಂದಿಯಲ್ಲಿ ಬೀಡು ಬಿಡುತ್ತದೆ.
ಮೊದಲು ಹೋಗುವುದು ಪಾದ.
ಕಾದ ಮರಳು ತಿಳಿಯದು, ಒಡೆದ ಚಿಪ್ಪು ತಿಳಿಯದು,
ಚಪ್ಪಲಿ ಎಲ್ಲೋ ಕಳಚಿ ಬಿದ್ದದ್ದು
ಮನೆ ತಲುಪಿದ ಮೇಲೆ ತಿಳಿಯುತ್ತದೆ.
ಆ ದಂಡೆಯಲ್ಲಿ ಇದಕ್ಕೆ ಹೆಸರು
ಪುಟ್ಟಪಾದದ ಕಾಯಿಲೆ.
ಮಗುವನ್ನು ಕರೆದ ಹಾಗೆ.

ಗುರುತು ಕಿರಿಯನಿಗೆ, ಗೀಟು ಹಿರಿಯರಿಗೆ.
ಕಾಯಿಲೆಗೆ ಈ ಲೆಕ್ಕ ಯಾರೂ ಹೇಳಲಿಲ್ಲ.
ಒಂದು ಗೀಟಿನ ಅಣ್ಣ ಎಪ್ಪತ್ತರಲ್ಲೂ ಹಗ್ಗ ಜಗ್ಗುತ್ತಾನೆ.
ಗೀಟಿಲ್ಲದ ತಮ್ಮ, ಲೌರೆನ್ಸು,
ಮೂವತ್ತಾರಕ್ಕೇ ಮಣ್ಣಾದ.

ಲೌರೆನ್ಸುವಿನ ನರದ ತೆಳುಸೀಳು ನಮ್ಮಲ್ಲಿದೆ,
ಎರಡು ಗಾಜಿನ ನಡುವೆ.
"ನೋಡಬಹುದಾ?" ಅಂದ ಅದೆರಿತು.
ನಿಯಮ ಏನೋ ಇತ್ತು. ನಾನು ಕುರ್ಚಿ ಎಳೆದೆ.

ಕೆಂಪು ಬಣ್ಣ ಕುಡಿಸಿದ ಸೀಳು.
ಬೆಳಕಿನ ಜರಡಿಯನ್ನು ತುಸು ತಿರುಗಿಸಿದರೆ
ಕತ್ತಲಲ್ಲಿ ಹಸಿರು ಹೊತ್ತಿಕೊಳ್ಳುತ್ತದೆ.
ಪಾಠದಲ್ಲಿ ಅದಕ್ಕೆ ಸೇಬುಹಸಿರು ಅನ್ನುತ್ತಾರೆ.
ಮೊದಲ ಸಲ ಕಂಡಾಗ ನನ್ನ ಬಾಯಿಂದ ಬಂದದ್ದು "ಆಹಾ".
ಆಮೇಲೆ ಚೀಟಿ ಓದಿದೆ: ಗಂಡಸು, ಮೂವತ್ತಾರು.
ಆ ಆಹಾ ಇನ್ನೂ ಗಂಟಲಿನಿಂದ ಇಳಿದಿಲ್ಲ.

ಅವನು ಒಂದೇ ಕಣ್ಣಲ್ಲಿ ಬಹಳ ಹೊತ್ತು ನೋಡಿದ.
ಹೊರಗೆ ಟ್ರಾಮ್ ಒಂದು ಹೋಯಿತು, ಇನ್ನೊಂದು ಹೋಯಿತು.
"ಸೇಬಲ್ಲ ಇದು," ಅಂದ.
"ಅಳಿವೆಯಾಚೆ ಮರಳದಿಬ್ಬದ ಮೇಲಿನ ನೀರು.
ಈ ಬಣ್ಣ ಕಂಡ ಕೂಡಲೆ ದೋಣಿ ತಿರುಗಿಸಬೇಕು.
ಅಪ್ಪ ಕಲಿಸಿದ್ದು.
ಲೌರೆನ್ಸುಗೂ ಗೊತ್ತಿತ್ತು."

ಈಗೊಂದು ಗುಳಿಗೆ ಇದೆ. ಹಮಾಲಿಯ ಸಂದಿನಲ್ಲಿ
ಬೆಣೆಯಂತೆ ಕೂತು ನಾಲ್ವರನ್ನೂ ಹಿಡಿದಿಡುತ್ತದೆ.
ವಾಸಿ ಅನ್ನಲಾರೆ. ತಡ, ಅನ್ನಬಹುದು.
ಯಾರಿಗೆ ಎಷ್ಟು ತಡ ಎಂಬುದನ್ನೇ
ಈ ಥಂಡಿಯಲ್ಲಿ ಹನಿಗಳನ್ನು ಕೇಳುತ್ತಿದ್ದೇನೆ.
ಅದೆರಿತು ದಿನಕ್ಕೊಂದು ನುಂಗುತ್ತಾನೆ,
ನೀರಿಲ್ಲದೆ, ನಂಬಿಕೆಯೂ ಅಷ್ಟಿಲ್ಲದೆ.

ಮೈನಸ್ ಎಂಬತ್ತರ ಪೆಟ್ಟಿಗೆಯಲ್ಲಿ
ಯಾರಿಗೂ ಹೆಸರಿಲ್ಲ, ಬರೀ ಅಂಕಿ.
ಅವನ ಸೀಸೆಯ ಅಂಕಿಯ ಪಕ್ಕ
ಸಾಸಿವೆಗಾತ್ರದ ಮೂರು ಗೀಟು ಎಳೆದಿದ್ದೇನೆ.
ತಪ್ಪು, ಗೊತ್ತು.
ಪ್ರತಿ ಸಲವೂ ಹಿಮ ಕಟ್ಟಿರುತ್ತದೆ.
ಹೆಬ್ಬೆರಳಿಂದ ಉಜ್ಜುತ್ತೇನೆ;
ಬೆರಳು ಮರಗಟ್ಟಿ, ಆಮೇಲೆ ನಿಧಾನ ನೋಯುತ್ತದೆ.
ನೋಯುವುದು ಎಷ್ಟು ದೊಡ್ಡ ವಿಷಯ
ಎಂದುಕೊಳ್ಳುತ್ತಾ ಮುಚ್ಚಳ ಹಾಕುತ್ತೇನೆ.